ಕಿರುಬೆರಳಿನ ಹೊರೆ ಹೆಬ್ಬೆರಳಿಗೆ

ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ, ಕೆ.ಪಿ. ರಾವ್ ರೂಪಿಸಿದ ಕೀಲಿ ವಿನ್ಯಾಸ ಬಳಸಿ ‘ಬೆಂಗಳೂರು’ ಎಂದು ಟೈಪ್ ಮಾಡಿ ನೋಡಿ. ಎಂಟು ಕೀಲಿಗಳಲ್ಲಿ ಮೂರಕ್ಕೆ ಶಿಫ್ಟ್ ಬೇಕು: ಸೊನ್ನೆಗೆ, ಳಕಾರಕ್ಕೆ, ಊಕಾರದ ದೀರ್ಘಕ್ಕೆ. ‘ಅಂಕಣ’ ಎಂಬ ಪುಟ್ಟ ಪದದ ನಾಲ್ಕು ಕೀಲಿಗಳಲ್ಲಿ ಎರಡು ಶಿಫ್ಟ್‌ನವೇ. ಇಂಗ್ಲಿಷ್‌ನಲ್ಲಿ ವಾಕ್ಯದ ಮೊದಲಿಗೋ ಹೆಸರಿಗೋ ಬೇಕಾಗುವ ಈ ಕೀಲಿ ನಮಗೆ ಹೆಜ್ಜೆಹೆಜ್ಜೆಗೂ ಬೇಕು. ಅದನ್ನು ಒತ್ತುವುದು ಬಲ ಕಡಿಮೆಯಿರುವ ಕಿರುಬೆರಳು. ಗಟ್ಟಿಮುಟ್ಟಾದ ಎರಡು ಹೆಬ್ಬೆರಳುಗಳಿಗೆ ಮಾತ್ರ ಸ್ಪೇಸ್‌ಬಾರ್ ಬಿಟ್ಟು ಬೇರೆ ಕೆಲಸವೇ ಇಲ್ಲ. ಆದ್ದರಿಂದ ಕನ್ನಡದಲ್ಲಿ ದಿನವಿಡೀ ಬರೆಯುವವರು ಎರಡು ಹೋಳಿನ ಕೀಬೋರ್ಡ್ ಆರಿಸುವಾಗ ಮೊದಲು ಹೆಬ್ಬೆರಳಿನ ಕೀಲಿಗಳನ್ನು ನೋಡಬೇಕು, ಚಂದವನ್ನು ಆಮೇಲೆ ನೋಡಿದರಾಯಿತು.

ಹೋಳು ಮಾಡುವುದಾದರೂ ಏಕೆ? ಮಾಮೂಲಿ ಕೀಬೋರ್ಡ್ ಮೇಲೆ ಕೈಯಿಟ್ಟು ಮಣಿಕಟ್ಟನ್ನು ಗಮನಿಸಿ. ಮೊಣಕೈಗಳು ಮೈಯ ಅಕ್ಕಪಕ್ಕ, ಬೆರಳುಗಳು ಎದೆಯ ನೇರಕ್ಕೆ. ಮುಂಗೈ ಒಳಕ್ಕೆ ಓರೆಯಾಗಿ ಬರುವುದರಿಂದ ಮಣಿಕಟ್ಟು ಕಿರುಬೆರಳಿನ ಕಡೆಗೆ ಬಾಗಲೇಬೇಕು. ಅಂಗೈ ಮೇಜಿಗೆ ಸಮನಾಗಲು ಮುಂಗೈ ಪೂರ್ತಿ ತಿರುಚಿಕೊಂಡಿರುತ್ತದೆ. ಕೀಬೋರ್ಡಿನ ಹಿಂದಿನ ಪುಟ್ಟ ಕಾಲುಗಳನ್ನು ಎತ್ತಿಟ್ಟಿದ್ದರೆ ಮಣಿಕಟ್ಟು ಮೇಲಕ್ಕೂ ಮಡಚುತ್ತದೆ. (ಆ ಕಾಲುಗಳನ್ನು ಇವತ್ತೇ ಮಡಚಿಬಿಡಿ, ಅದಕ್ಕೆ ಕಾಸು ಕೊಡಬೇಕಿಲ್ಲ.) ಎರಡು ಹೋಳುಗಳನ್ನು ಭುಜದಗಲಕ್ಕೆ ದೂರವಿಟ್ಟರೆ ಪಕ್ಕದ ಬಾಗು ಹೋಗುತ್ತದೆ. ಹೆಬ್ಬೆರಳಿನ ಬದಿಯನ್ನು ಎತ್ತರಿಸಿದರೆ ತಿರುಚುವಿಕೆ ಸಡಿಲವಾಗುತ್ತದೆ. ಇದಕ್ಕೆ ಬಳಕೆದಾರರು ಟೆಂಟಿಂಗ್ ಅನ್ನುತ್ತಾರೆ.

ಇದು ಹೊಸ ಶೋಧವೇನಲ್ಲ. ಇಂಗ್ಲೆಂಡಿನಲ್ಲಿ 1970ರ ದಶಕದಲ್ಲೇ ಲಿಲಿಯನ್ ಮಾಲ್ಟ್ ಮತ್ತು ಸ್ಟೀಫನ್ ಹಾಬ್ಡೇ ರೂಪಿಸಿದ ಮಾಲ್ಟ್ರಾನ್‌ನಲ್ಲಿ ಕೀಲಿಗಳು ಬೋಗುಣಿಯಂಥ ತಗ್ಗಿನಲ್ಲಿದ್ದವು, ಹೆಬ್ಬೆರಳಿಗೆಂದೇ ಬೇರೆ ಗುಂಪೂ ಇತ್ತು. ಮೈಕ್ರೋಸಾಫ್ಟ್ 1994ರಲ್ಲಿ ತಂದ ನ್ಯಾಚುರಲ್ ಕೀಬೋರ್ಡ್ ಒಂದೇ ಮೈಯದು. ಅದು ಮಣಿಕಟ್ಟಿಗೆ ಒಳ್ಳೆಯದನ್ನೇ ಮಾಡಿತು, ಹೆಬ್ಬೆರಳನ್ನು ಮಾತ್ರ ಹಾಗೇ ಬಿಟ್ಟಿತು. ಇನ್ನು, ಸಾಲುಗಳು ಒಂದಕ್ಕೊಂದು ಓರೆಯಾಗಿರುವುದು ಟೈಪ್‌ರೈಟರ್ ಸನ್ನೆಕೋಲುಗಳು ಒಂದಕ್ಕೊಂದು ತಾಗದಿರಲೆಂದು ಬಂದ ಏರ್ಪಾಡು. ಸನ್ನೆಕೋಲು ಹೋಗಿ ಎಷ್ಟೋ ಕಾಲವಾಯಿತು, ಓರೆ ಉಳಿದಿದೆ. ಬೆರಳುಗಳ ಉದ್ದಕ್ಕೆ ತಕ್ಕಂತೆ ಕಂಬಸಾಲಾಗಿ ಜೋಡಿಸಿದ ಕೀಲಿಗಳೇ ನನಗೆ ಪ್ರಿಯ.

ಆದರೂ ಎಲ್ಲವನ್ನೂ ಒಮ್ಮೆಲೇ ಬದಲಿಸಲು ಧೈರ್ಯ ಸಾಲದವರಿಗೆ ಕಿನೆಸಿಸ್ ಫ್ರೀಸ್ಟೈಲ್ 2 ಸರಿ. ಹಳೆಯ ಓರೆ ಸಾಲುಗಳೇ ಇರುವುದರಿಂದ ಬೇಗ ಒಗ್ಗುತ್ತದೆ. ಹೆಬ್ಬೆರಳಿಗೆ ಅದರಲ್ಲೂ ಸ್ಪೇಸ್ ಬಿಟ್ಟು ಹೆಚ್ಚೇನಿಲ್ಲ. ಹಣವಿದ್ದು ಒಂದೇ ಸಲ ಕೊಳ್ಳುವವರು ಎರ್ಗೋಡಾಕ್ಸ್ ಈಝಡ್, ಮೂನ್‌ಲ್ಯಾಂಡರ್, ಕಿನೆಸಿಸ್ ಅಡ್ವಾಂಟೇಜ್ 360 ನೋಡಲಿ. ಬೆಸುಗೆ ಹಾಕುವ ಹುಮ್ಮಸ್ಸಿದ್ದವರಿಗೆ ಕಾರ್ನ್ ಇದೆ: 42 ಕೀಲಿ, ಪ್ರತಿ ಹೆಬ್ಬೆರಳಿಗೆ ಮೂರು. ಅದರಲ್ಲಿ ಅಂಕಿಗಳ ಸಾಲಿಲ್ಲ. ಇಸವಿ, ಮೊತ್ತ ಬರೆಯುತ್ತಲೇ ಇರಬೇಕಾದ ಪತ್ರಕರ್ತರಿಗೆ ಲಿಲಿ 58 ವಾಸಿ, ಅಂಕಿಯ ಸಾಲು ಅದರಲ್ಲಿದೆ. ಬೆಸುಗೆ ಕಡ್ಡಿ, ಸೀಸ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೇ ಸಿಗುತ್ತವೆ.

ಈಗ ಅಸಲು ವಿಷಯ. ಇಂಥ ಹಲವು ಕೀಬೋರ್ಡುಗಳಲ್ಲಿ ಬಳಕೆಯಾಗುವ ಕ್ಯೂಎಂಕೆ ತಂತ್ರಾಂಶ ಅವುಗಳೊಳಗೇ ಕೂತು ಯಾವ ಕೀಲಿ ಏನು ಮಾಡಬೇಕೆಂದು ನಿರ್ಧರಿಸುತ್ತದೆ. ಕಂಪ್ಯೂಟರಿಗೆ ತಲುಪುವುದು ಮಾಮೂಲಿ ಕೀಲಿಯ ಸಂಕೇತ. ಹಾಗಾಗಿ ನುಡಿ ಇರಲಿ, ಬೇರೆ ತಂತ್ರಾಂಶವಿರಲಿ, ಅದಕ್ಕೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಶಿಫ್ಟನ್ನು ಎಡ ಹೆಬ್ಬೆರಳಿಗೆ ತನ್ನಿ. ಒಮ್ಮೆ ತಟ್ಟಿ ಬಿಟ್ಟರೆ ಮುಂದಿನ ಒಂದು ಅಕ್ಷರಕ್ಕೆ ಮಾತ್ರ ಶಿಫ್ಟ್ ಅನ್ವಯಿಸುವಂತೆಯೂ ಹೊಂದಿಸಬಹುದು, ಹಿಡಿದುಕೊಂಡಿರುವ ಕಷ್ಟ ತಪ್ಪುತ್ತದೆ. ಇನ್ನೂ ಒಂದು ಹೆಜ್ಜೆ ಹೋಗಿ, ಶಿಫ್ಟ್ ಮತ್ತು ಎಂ ಎರಡನ್ನೂ ಒಟ್ಟಿಗೆ ಕಳಿಸುವ ಕೀಲಿಯೊಂದನ್ನು ಬಲ ಹೆಬ್ಬೆರಳಿಗೆ ಕೊಡಿ. ಸೊನ್ನೆ ಒಂದೇ ಒತ್ತಿಗೆ ಬರುತ್ತದೆ! ಪಕ್ಕದ ಕೀಲಿಗೆ ಶಿಫ್ಟ್ ಮತ್ತು ಎ ಕೊಟ್ಟರೆ ಆಕಾರದ ದೀರ್ಘವೂ ಅಷ್ಟೇ ಸಲೀಸು. ಒತ್ತಕ್ಷರಕ್ಕೆ ಬೇಕಾದ ಎಫ್ ಕೀಲಿ ಹೇಗೂ ಎಡ ತೋರುಬೆರಳು ಕೂರುವ ಜಾಗದಲ್ಲೇ ಇದೆ. ಕೆ.ಪಿ. ರಾವ್ ಅವರ ದೂರದೃಷ್ಟಿ ದೊಡ್ಡದು.

ಮೊದಲ ದಿನಗಳಲ್ಲಿ ವೇಗ ಕುಸಿಯುತ್ತದೆ, ಗಡುವು ಹತ್ತಿರವಿರುವಾಗ ಶುರುಮಾಡಬೇಡಿ. ಬಕಾರವನ್ನು ಬಲಗೈಯಿಂದ ಒತ್ತುವ ರೂಢಿಯಿದ್ದವರಿಗೆ ಬಿ ಕೀಲಿ ಎಡ ಹೋಳಿನಲ್ಲಿ ಸಿಗುತ್ತದೆ, ಅದೊಂದನ್ನು ಹೊಸದಾಗಿ ಕಲಿಯಬೇಕು. ಕೈಯಲ್ಲಿ ಜೋಮು, ನೋವು ಈಗಾಗಲೇ ಇದ್ದರೆ ಕೀಬೋರ್ಡಿಗಿಂತ ಮೊದಲು ವೈದ್ಯರನ್ನು ಕಾಣಿ. ಅಂಗೈ ದಿಂಬು ಬಿಡುವಿನಲ್ಲಿ ಕೈಯೂರಲಿಕ್ಕೆ, ಟೈಪ್ ಮಾಡುವಾಗ ಮಣಿಕಟ್ಟು ಅದರ ಮೇಲೆ ಒತ್ತಿ ಕೂರಬಾರದು.

ಎರಡು ಹೋಳುಗಳ ನಡುವಿನ ತಂತಿಯ ಬಗ್ಗೆ ಎಚ್ಚರ ಬೇಕು. ಕಾರ್ನ್, ಲಿಲಿಯಂಥವುಗಳಲ್ಲಿ ಹೆಡ್‌ಫೋನ್ ಪಿನ್ನಿನ ಆಕಾರದ ತಂತಿಯಿರುತ್ತದೆ. ಪಿನ್ನು ಒಳಗೆ ಹೋಗುವಾಗ, ಹೊರಬರುವಾಗ ಅದರ ಉಂಗುರಗಳು ಬೇರೆ ಬೇರೆ ಸಂಪರ್ಕಗಳನ್ನು ಸವರಿಕೊಂಡು ಹೋಗುತ್ತವೆ. ವಿದ್ಯುತ್ ಹರಿಯುತ್ತಿದ್ದರೆ ಶಾರ್ಟ್ ಆಗಿ ಬೋರ್ಡು ಸುಡಬಹುದು. ಯುಎಸ್‌ಬಿ ಕಿತ್ತ ಮೇಲೆಯೇ ಆ ತಂತಿಯನ್ನು ಮುಟ್ಟಿ.