ಹಾಲು ಕೊಡದ ಜೀವಗಳ ಡಾಕ್ಟರು

ಬೀದರ್ ಸೀಮೆಯಲ್ಲಿ ಪಶು ಆಸ್ಪತ್ರೆಗೆ ಜನ ಇಂದಿಗೂ ‘ದನದ ದವಾಖಾನಿ’ ಎನ್ನುತ್ತಾರೆ. ಈ ಹೆಸರಿನ ಬೇರು ಆಳವಾಗಿದೆ. ಕನ್ನಡದ ಹಳೆಯ ಪಶುವೈದ್ಯ ಕೃತಿ ‘ಗೋವೈದ್ಯ’. ಅದನ್ನು ಸುಮಾರು 1125ರಲ್ಲಿ ಬರೆದವನು ಚಾಲುಕ್ಯ ಮನೆತನದ ಕೀರ್ತಿವರ್ಮ. ಆ ಚಾಲುಕ್ಯರ ರಾಜಧಾನಿ ಕಲ್ಯಾಣವೇ ಈ ಜಿಲ್ಲೆಯ ಬಸವಕಲ್ಯಾಣ. ಮುಂದೆ ರಾಜಧಾನಿಯನ್ನು ಬೀದರಿಗೆ ತಂದ ಬಹಮನಿ ಸುಲ್ತಾನ ಅಹಮದ್ ಶಾ ವಲಿ, ಶಾಲಿಹೋತ್ರ ಮುನಿಯ ಕುದುರೆ ವೈದ್ಯಶಾಸ್ತ್ರವನ್ನು ಸಂಸ್ಕೃತದಿಂದ ಪಾರ್ಸಿಗೆ ಮಾಡಿಸಿದ. ಕುದುರೆ ವೈದ್ಯನಿಗೆ ‘ಸಾಲೋತ್ರಿ’ ಎಂಬ ಹೆಸರು ಹುಟ್ಟಿದ್ದು ಆ ಶಾಲಿಹೋತ್ರನಿಂದಲೇ. 1470ರ ಸುಮಾರಿಗೆ ಇಲ್ಲಿದ್ದ ರಷ್ಯದ ವರ್ತಕ ಅಫನಾಸಿ ನಿಕಿಟಿನ್ ತಾನು ತಂದಿದ್ದ ಕುದುರೆಯನ್ನು ಮಾರಿದ್ದೂ ಬೀದರಿನಲ್ಲಿ.

ಹೊಲಕ್ಕೂ ಯುದ್ಧಕ್ಕೂ ಬೇಕಾದ ಪ್ರಾಣಿಯನ್ನು ಅಂದಿನ ಅರಸು ಹೀಗೆ ನೋಡಿಕೊಂಡ. ಇಂದಿನ ಸರ್ಕಾರವೂ ಹೆಚ್ಚು ಬದಲಾಗಿಲ್ಲ. ಬೀದರಿನ ನಂದಿನಗರದಲ್ಲಿ ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ, ಪಶುವೈದ್ಯಕೀಯ ಕಾಲೇಜಿದೆ. 1962ಕ್ಕೆ ಫೋನ್ ಮಾಡಿದರೆ ಬರುವ ಸಂಚಾರಿ ವಾಹನಗಳನ್ನು ಕೇಂದ್ರದ ಯೋಜನೆ ಲೆಕ್ಕ ಹಾಕಿರುವುದೇ ಲಕ್ಷ ಜಾನುವಾರಿಗೆ ಒಂದರಂತೆ. ಇದು ತಪ್ಪೆಂದು ನಾನು ಹೇಳಲಾರೆ. ದೇವಣಿ ದನದ ತಳಿಯ ತವರು ಇದು; ಒಂದು ಹಸುವೋ ಎಮ್ಮೆಯೋ ಸತ್ತರೆ ಒಂದು ಮನೆಯ ವರ್ಷ ಕೆಡುತ್ತದೆ. ಆದರೆ ಮನೆಯ ನಾಯಿ, ಬೆಕ್ಕು, ಮದುವೆ ಮೆರವಣಿಗೆಯ ಕುದುರೆ ಈ ಲೆಕ್ಕದ ಅಂಚಿಗೆ ಬೀಳುತ್ತವೆ. ಅಲ್ಲಿ ನಿಲ್ಲಬೇಕಾದವರು ಸ್ವಂತ ದವಾಖಾನೆ ಇಟ್ಟುಕೊಂಡ ಪಶುವೈದ್ಯರು. ಬೀದರ್ ಪೇಟೆಯಲ್ಲಾಗಲಿ, ನಲವತ್ತು ಕಿಲೋಮೀಟರ್ ಆಚೆಯ ಭಾಲ್ಕಿ, ಔರಾದಿನಲ್ಲಾಗಲಿ ಅಂಥ ದವಾಖಾನೆಯನ್ನು ಯಾವ ಅಳತೆಗೋಲಿನಿಂದ ನೋಡಬೇಕು?

ನಾನು ಮೊದಲು ನೋಡುವುದು ಫ್ರಿಜ್. ಲಸಿಕೆ 2ರಿಂದ 8 ಡಿಗ್ರಿಯ ತಂಪಿನಲ್ಲಿರಬೇಕು. ಔರಾದಿನ ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿರುವಾಗ, ಕರೆಂಟು ಹೋಗಿ ಬರುವಾಗ, ಆ ತಂಪು ಕಾಯುವುದು ದೊಡ್ಡ ಕೆಲಸ. ಬಿಸಿಗೆ ಕೆಟ್ಟ ಲಸಿಕೆ ನೋಡಲು ಒಳ್ಳೆಯದರಂತೆಯೇ ಇರುತ್ತದೆ. ಹುಚ್ಚುನಾಯಿ ರೋಗಕ್ಕೆ ಚುಚ್ಚಿಸಿದ್ದೇವೆಂದು ಮನೆಯವರು ನಿಶ್ಚಿಂತರಾಗಿರುತ್ತಾರೆ, ನಾಯಿಗೆ ಮಾತ್ರ ರಕ್ಷಣೆ ಇರುವುದಿಲ್ಲ. ಒಳಗೆ ಥರ್ಮಾಮೀಟರ್, ಪಕ್ಕದಲ್ಲಿ ಇನ್ವರ್ಟರ್ ಇರುವ ಹಳೆಯ ಫ್ರಿಜ್ ನನಗೆ ಗಾಜಿನ ಬಾಗಿಲಿನ ಹೊಸ ಕ್ಲಿನಿಕ್ಕಿಗಿಂತ ಮೇಲು.

ಎರಡನೆಯದು ಸೂಜಿಯ ಅವಸರ. ಇದರಲ್ಲಿ ನಮ್ಮ ಪಾಲೂ ಇದೆ. ‘ಡಾಕ್ಟರ್ ಸಾಬ್, ಒಂದು ಸೂಜಿ ಹಾಕ್ರಿ’ ಎಂದು ಬಾಗಿಲಲ್ಲೇ ಕೇಳುವವರು ನಾವು. ಮೈ ಮುಟ್ಟಿ ನೋಡದೆ, ಜ್ವರ ಅಳೆಯದೆ, ಹೆಸರು ಬರೆಯದೆ ಹಾಕಿದ ಸೂಜಿಯಿಂದ ನಾಯಿ ಸಂಜೆಗೆ ಚುರುಕಾಗಬಹುದು. ಆದರೆ ಉಣ್ಣೆಯಿಂದ ಬಂದ ರಕ್ತದ ರೋಗ ಒಳಗೇ ಉಳಿದಿರುತ್ತದೆ. ಏನು ಕೊಟ್ಟೆನೆಂದು ಚೀಟಿಯಲ್ಲಿ ಬರೆಯದ ಡಾಕ್ಟರು ಎಷ್ಟೇ ಕೈಗುಣದವರಾಗಿರಲಿ, ಅದು ಅರ್ಧ ಚಿಕಿತ್ಸೆ. ಬೆಕ್ಕಿಗೆ ಮನುಷ್ಯರ ಪ್ಯಾರಾಸಿಟಮಾಲ್ ವಿಷ ಎಂಬುದನ್ನು ಮನೆಯವರಿಗೆ ಅವರ ಮಾತಿನಲ್ಲೇ, ಕನ್ನಡವೋ ಮರಾಠಿಯೋ ದಖನಿಯೋ, ತಿಳಿಸುವುದೂ ಔಷಧದಷ್ಟೇ ಮುಖ್ಯ.

ಕುದುರೆಯ ವಿಷಯದಲ್ಲಿ ಪರೀಕ್ಷೆ ಇನ್ನೂ ಕಠಿಣ. ಭಾಲ್ಕಿ ತಾಲ್ಲೂಕಿನ ಖಾನಾಪುರದಲ್ಲಿ ಕುದುರೆ ಏರಿದ ಮೈಲಾರ ಮಲ್ಲಣ್ಣನಿಗೆ ಭಂಡಾರ ಎರಚುವ ಜನ ನಾವು. ಆದರೆ ಕುದುರೆ ಹೊಟ್ಟೆನೋವಿಗೆ ನೆಲದಲ್ಲಿ ಹೊರಳತೊಡಗಿದರೆ ಯಾರನ್ನು ಕರೆಯಬೇಕೆಂದು ಸಾಕಿದವನಿಗೇ ತೋಚುವುದಿಲ್ಲ. ಕುದುರೆ ವಾಂತಿ ಮಾಡಲಾರದು. ತುಂಬಿದ ಹೊಟ್ಟೆ ಬಿರಿಯಬಹುದು. ಮೂಗಿನಿಂದ ಕೊಳವೆ ಇಳಿಸಬೇಕು, ಎರಡೂ ಪಕ್ಕೆಗೆ ಕಿವಿಗೊಟ್ಟು ಕರುಳಿನ ಸದ್ದು ಕೇಳಬೇಕು. ಬರೀ ನೋವಿನ ಸೂಜಿ ಹಾಕಿ ಹೊರಟರೆ ಕರುಳು ತಿರುಚಿಕೊಂಡದ್ದು ಮರೆಯಾಗಿ ಹೊತ್ತು ಮೀರುತ್ತದೆ. ಕೈಯಲ್ಲಾಗದ್ದನ್ನು ಒಪ್ಪಿಕೊಂಡು ಆ ಗಳಿಗೆಯಲ್ಲೇ ದೊಡ್ಡ ಆಸ್ಪತ್ರೆಗೆ ಕಳಿಸುವ ವೈದ್ಯರನ್ನು ನಾನು ಉತ್ತಮರೆನ್ನುತ್ತೇನೆ. ಗೊರಸಿಗೆ ಮೊಳೆ ನಾಟಿದ ಕುದುರೆಗೆ ಧನುರ್ವಾಯು ಲಸಿಕೆ ಆಗಿದೆಯೇ ಎಂದು ಕೇಳದವರನ್ನು ಅಲ್ಲಿ ಸೇರಿಸಲಾರೆ.

ಎಲ್ಲಕ್ಕಿಂತ ಕಷ್ಟದ್ದು ಗ್ಲ್ಯಾಂಡರ್ಸ್ ಎಂಬ ಕುದುರೆ ರೋಗ. ಮನುಷ್ಯರಿಗೂ ಅಂಟುವ ಈ ರೋಗ ಕಂಡರೆ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಯುವ 2009ರ ಕಾಯ್ದೆಯಂತೆ ಸರ್ಕಾರಕ್ಕೆ ತಿಳಿಸಲೇಬೇಕು. ಕುದುರೆ ರೋಗಗಳ ರಾಷ್ಟ್ರೀಯ ಸಂಶೋಧನಾ ಕೇಂದ್ರ ಇರುವುದು ದೂರದ ಹಿಸಾರಿನಲ್ಲಿ. ರೋಗ ಖಚಿತವಾದ ಕುದುರೆಗೆ ದಯಾಮರಣವೇ ಗತಿ. ಅದರ ದುಡಿಮೆಯಲ್ಲೇ ಬದುಕುವವನು ಮುಚ್ಚಿಡಬೇಕೆಂದುಕೊಳ್ಳುವುದು ಅರ್ಥವಾಗುತ್ತದೆ. ಫೀಸು ಕೊಡುವವನು ಅವನೇ. ಅವನೆದುರು ಕೂತು, ಅವನ ಮಕ್ಕಳ ಶ್ವಾಸಕೋಶದ ಮಾತು ಹೇಳಿ, ರಕ್ತದ ಮಾದರಿ ತೆಗೆಯುವ ವೈದ್ಯರೇ ನಿಜಕ್ಕೂ ಸ್ವತಂತ್ರರು.

ಒಬ್ಬರೇ ಡಾಕ್ಟರು, ಒಂದೇ ಬ್ಯಾಗು, ರಾತ್ರಿ ಹನ್ನೆರಡಕ್ಕೂ ಫೋನು: ಇಂಥ ವೃತ್ತಿಯಿಂದ ಇಷ್ಟೆಲ್ಲ ಕೇಳುವುದು ಹೆಚ್ಚಾಗಬಹುದು. ಅವರ ಬೆನ್ನಿಗೆ ನಿಲ್ಲಬೇಕಾದದ್ದು ನಂದಿನಗರ. ವಿಶ್ವವಿದ್ಯಾಲಯ ತಿಂಗಳಿಗೊಂದು ದಿನ ಭಾಲ್ಕಿಯಲ್ಲೂ ಔರಾದಿನಲ್ಲೂ ಕುದುರೆ, ನಾಯಿ, ಬೆಕ್ಕುಗಳನ್ನಷ್ಟೇ ನೋಡಲಿ; ಅಲ್ಲಿನ ಖಾಸಗಿ ವೈದ್ಯರನ್ನೂ ಜೊತೆಗೆ ಕೂರಿಸಿಕೊಳ್ಳಲಿ. ನಾಯಿ ಸಾಕಿದವರು, ಕುದುರೆ ಸಾಕಿದವರು ಮುಂದಿನ ಸಲ ದವಾಖಾನೆಗೆ ಹೋದಾಗ ಔಷಧದ ಹೆಸರನ್ನು ಚೀಟಿಯಲ್ಲಿ ಬರೆಸಿಕೊಂಡೇ ಬನ್ನಿ.