ಸರಸ್ವತಿ ಗೋದಾಮಿನ ಪುಸ್ತಕದಂಗಡಿ

ಸೇಡಂ ತಾಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ನಮಗೆ ಸಿಕ್ಕಿರುವ ಮೊದಲ ಕನ್ನಡ ಕೃತಿ ‘ಕವಿರಾಜಮಾರ್ಗ’ 9ನೇ ಶತಮಾನದಲ್ಲಿ ಹುಟ್ಟಿದ್ದು ಅಲ್ಲಿನ ನೃಪತುಂಗನ ಆಸ್ಥಾನದಲ್ಲಿ. ಅದೇ ನೆಲದಲ್ಲಿ ಇಂದು ಕನ್ನಡ ಪುಸ್ತಕ ಓದುಗರ ಕೈ ಸೇರುವುದು ಅಂಗಡಿಕಾರರ ಹಟದಿಂದ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಯ ಓದುಗರಿಗೆ ಹತ್ತಿರದ ದೊಡ್ಡ ಪೇಟೆ ಕಲಬುರಗಿ. ಅಲ್ಲಿನ ಸರಸ್ವತಿ ಗೋದಾಮು ಪ್ರದೇಶದ ಶ್ರೀ ಸಿದ್ಧಲಿಂಗೇಶ್ವರ ಬುಕ್ ಡಿಪೊ ಬಗ್ಗೆ ನನಗೆ ದೊಡ್ಡ ಗೌರವ. ಅದರ ಮಾಲೀಕ ಬಸವರಾಜ ಕೊನೇಕ ಅವರು ಮಾರಾಟಕ್ಕಷ್ಟೇ ನಿಲ್ಲಲಿಲ್ಲ. ಪ್ರಕಾಶನವನ್ನೂ ಕಟ್ಟಿ ಈ ಭಾಗದ ಲೇಖಕರ ಕೃತಿಗಳನ್ನು ಅಚ್ಚಿಗೆ ತಂದರು.

ಈ ಕಸುಬಿನ ಲೆಕ್ಕ ಸೂಕ್ಷ್ಮ. ಜೂನ್‌ನಲ್ಲಿ ಪಠ್ಯಪುಸ್ತಕ, ನೋಟ್‌ಬುಕ್, ಆಮೇಲೆ ಪರೀಕ್ಷೆಯ ಗೈಡು ತರುವ ದುಡ್ಡೇ ಸಾಹಿತ್ಯದ ಕಪಾಟನ್ನು ಪೊರೆಯುತ್ತದೆ. ಕವನ ಸಂಕಲನಕ್ಕೆ ಗಿರಾಕಿ ಬರಲು ತಿಂಗಳುಗಳೇ ಹಿಡಿಯಬಹುದು. ಅಲ್ಲಿಯವರೆಗೆ ಬಂಡವಾಳ ಅಲುಗಾಡದೆ ಕೂತಿರುತ್ತದೆ. ಹಾಗಿದ್ದೂ ಗೀತಾ ನಾಗಭೂಷಣರ ‘ಬದುಕು’ ಕಾದಂಬರಿ, ಚಿತ್ತಾಪುರ ಸೀಮೆಯ ಚೆನ್ನಣ್ಣ ವಾಲೀಕಾರರ ಕಾವ್ಯ ಕೇಳಿದವರಿಗೆ ಸಿಗಬೇಕೆಂದು ತರಿಸಿಡುವವನೇ ನಿಜವಾದ ಪುಸ್ತಕ ವ್ಯಾಪಾರಿ. ನಮ್ಮ ತಾಲೂಕುಗಳಿಗೂ ಅಂಥ ಒಂದೊಂದು ಅಂಗಡಿ ಬೇಕು. ಅದಕ್ಕೆ ನಾವು ಮಾಡಬೇಕಾದ್ದು ಇಷ್ಟೇ: ತಿಂಗಳಿಗೊಂದು ಪುಸ್ತಕ ಕೊಂಡು ಓದುವುದು.