ಮೆತ್ತನೆಯ ನೆಲದ ಮೇಲೆ ಮರದ ದಿಮ್ಮಿ

ಭೌತಶಾಸ್ತ್ರವನ್ನು ಮನಸ್ಸಿಟ್ಟು ಕಲಿಯಬೇಕೆಂದು ಹೊರಟವರಿಗೆ ನಮ್ಮಲ್ಲಿ ಮೊದಲು ಸಿಗುವುದು ಪುಸ್ತಕಗಳ ಪಟ್ಟಿ. ಫೈನ್‌ಮನ್ ಓದು, ಇರೋಡೋವ್ ಬಿಡಿಸು, ಎಚ್.ಸಿ. ವರ್ಮಾ ಸದಾ ಕೈಯಲ್ಲಿರಲಿ. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ಕಾಲೇಜಿನಲ್ಲಿ ಓದಿಸುವ ಎನ್‌ಸಿಇಆರ್‌ಟಿ ಪುಸ್ತಕ ಏನೇನೂ ಸಾಲದು. ಕೋಚಿಂಗ್ ಸೆಂಟರುಗಳವರು ಹೇಳುತ್ತಾರೆ, ಅವರ ಮಾತು ಕೇಳಿದ ಪಾಲಕರು ಹೇಳುತ್ತಾರೆ, ಕೊನೆಗೆ ಮೇಷ್ಟರುಗಳೂ ಹೇಳುತ್ತಾರೆ. ಪುಸ್ತಕ ತೆರೆದು, ಇಂಥ ಪುಟದಲ್ಲಿ ಇಂಥದು ಸಾಲದು ಎಂದು ತೋರಿಸಿದವರನ್ನು ಮಾತ್ರ ನಾನು ಕಂಡಿಲ್ಲ. ನನ್ನ ಅಭಿಪ್ರಾಯ ಇದಕ್ಕೆ ನೇರ ವಿರುದ್ಧ. ಮೆಕ್ಯಾನಿಕ್ಸಿನ ಹೊಸ್ತಿಲಲ್ಲಿ ನಿಂತವರಿಗೆ ಬೇಕಾದ ಅತ್ಯುತ್ತಮ ಪುಟ ಈ ಅಲಕ್ಷಿತ ಪುಸ್ತಕದಲ್ಲೇ ಇದೆ. ಹೆಸರಾಂತ ಪುಸ್ತಕಗಳಿಗೆ ಸಿಗುತ್ತಿರುವ ಮನ್ನಣೆ, ಹೊಸಬರ ಮಟ್ಟಿಗಂತೂ, ಅತಿಯಾಯಿತು.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಫಲವಾಗಿ 2006ರಲ್ಲಿ ಹನ್ನೊಂದನೇ ತರಗತಿಯ ಈ ಪುಸ್ತಕ ಬಂತು. ನಮ್ಮ ಪದವಿಪೂರ್ವ ಕಾಲೇಜುಗಳು 2012-13ರಲ್ಲಿ ಇದನ್ನು ಒಪ್ಪಿಕೊಂಡವು. ಅಂದರೆ ಶಿಗ್ಗಾವಿ ತಾಲೂಕಿನ ಹಿರೇಬೆಂಡಿಗೇರಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಶಿಗ್ಗಾವಿಗೋ ಸವಣೂರಿಗೋ ಹುಬ್ಬಳ್ಳಿಗೋ ಬಸ್ಸು ಹತ್ತುವ ಹುಡುಗಿಯ ಚೀಲದಲ್ಲಿ ಇರುವುದು ಇದೇ. ಬಲ, ಜಡತ್ವ, ವೇಗೋತ್ಕರ್ಷ, ಸಂವೇಗ ಎಂಬ ಮಾತುಗಳನ್ನು ಆಕೆ ಒಂಬತ್ತನೇ ತರಗತಿಯಲ್ಲೇ ಕನ್ನಡದಲ್ಲಿ ಓದಿದ್ದಾಳೆ. ಈಗ ಅವನ್ನೇ ಇಂಗ್ಲಿಷಿನಲ್ಲಿ ಮತ್ತೆ ಓದಬೇಕು. ಇಂಥವಳ ಕೈಗೆ ಯಾವ ಪುಟ ಕೊಡಬೇಕು ಎಂಬುದೇ ಇಲ್ಲಿಯ ಪ್ರಶ್ನೆ.

ಫೈನ್‌ಮನ್ನರ ಪುಸ್ತಕವನ್ನು ಕೊಡಬಾರದು. 1961ರಿಂದ 1963ರವರೆಗೆ ಕ್ಯಾಲ್‌ಟೆಕ್‌ನಲ್ಲಿ ಕೊಟ್ಟ ಆ ಉಪನ್ಯಾಸಗಳು ಮಹತ್ವದವು, ಬಲ್ಲವರು ಮತ್ತೆ ಮತ್ತೆ ಓದುವಂಥವು. ಆದರೆ ಅಲ್ಲಿ ನ್ಯೂಟನ್ನನ ನಿಯಮಗಳು ಬರುವುದೇ ಒಂಬತ್ತನೇ ಅಧ್ಯಾಯದಲ್ಲಿ. ಓದುಗ ತಾನೇ ಬಿಡಿಸಬೇಕಾದ ಲೆಕ್ಕಗಳು ಮೂಲ ಸಂಪುಟಗಳಲ್ಲಿಲ್ಲ. ವಿದ್ಯಾರ್ಥಿಗಳ ಮಟ್ಟಿಗೆ ಈ ಪ್ರಯೋಗ ಗೆದ್ದಿತೇ ಎಂದು ಫೈನ್‌ಮನ್ನರೇ ಮುನ್ನುಡಿಯಲ್ಲಿ ಅನುಮಾನ ಪಟ್ಟಿದ್ದಾರೆ. ಅದನ್ನು ಶಿಫಾರಸು ಮಾಡುವವರು ಆ ಮುನ್ನುಡಿಯನ್ನಾದರೂ ಓದಬೇಕಿತ್ತು. ಇನ್ನು ಇರೋಡೋವ್ ಸಾವಿರಕ್ಕೂ ಮಿಕ್ಕ ಲೆಕ್ಕಗಳ ಸಂಗ್ರಹ, ಸೋವಿಯತ್ ದೇಶದ ಉನ್ನತ ವಿದ್ಯಾಸಂಸ್ಥೆಗಳಿಗಾಗಿ ಸಿದ್ಧವಾದದ್ದು. ಅದರ ಬಗ್ಗೆ ಇಷ್ಟು ಸಾಕು.

ಈಗ ನಾನು ಹೇಳುತ್ತಿರುವ ಪುಟ. ಚಲನೆಯ ನಿಯಮಗಳ ಅಧ್ಯಾಯದ ಕೊನೆಯ ಭಾಗದಲ್ಲಿ, ಲೆಕ್ಕ ಬಿಡಿಸುವ ಕ್ರಮವನ್ನು ವಿವರಿಸಿದ ಮೇಲೆ, ಮಾದರಿ ಲೆಕ್ಕವೊಂದು ಬರುತ್ತದೆ. ಮೆತ್ತನೆಯ ನೆಲದ ಮೇಲೆ 2 ಕಿಲೋಗ್ರಾಂ ಮರದ ದಿಮ್ಮಿ ಇದೆ. ಅದರ ಮೇಲೆ 25 ಕಿಲೋಗ್ರಾಂ ಕಬ್ಬಿಣದ ಸಿಲಿಂಡರ್ ಇಡುತ್ತಾರೆ. ನೆಲ ಕುಸಿಯುತ್ತದೆ, ಎರಡೂ ಸೇರಿ ಸೆಕೆಂಡಿಗೆ ಸೆಕೆಂಡಿಗೆ 0.1 ಮೀಟರ್ ವೇಗೋತ್ಕರ್ಷದಿಂದ ಕೆಳಗಿಳಿಯುತ್ತವೆ. ಕುಸಿಯುವ ಮೊದಲು ಮತ್ತು ಕುಸಿಯುವಾಗ ದಿಮ್ಮಿ ನೆಲವನ್ನು ಎಷ್ಟು ಬಲದಿಂದ ಒತ್ತುತ್ತದೆ? ಗುರುತ್ವವನ್ನು 10 ಎಂದು ಹಿಡಿಯಿರಿ.

ಮೊದಲ ಭಾಗ ಸರಳ. ಸಿಲಿಂಡರ್ ಇನ್ನೂ ಇಟ್ಟಿಲ್ಲ, ದಿಮ್ಮಿ ನಿಂತಿದೆ, ಭೂಮಿ ಅದನ್ನು 20 ನ್ಯೂಟನ್‌ನಿಂದ ಕೆಳಗೆಳೆಯುತ್ತದೆ, ನೆಲ 20 ನ್ಯೂಟನ್‌ನಿಂದ ಮೇಲೆ ತಳ್ಳುತ್ತದೆ. ಆದ್ದರಿಂದ ದಿಮ್ಮಿ ನೆಲವನ್ನು ಒತ್ತುವುದೂ 20. ಈ ಹಂತದಲ್ಲಿ ಮುಕ್ಕಾಲು ಪಾಲು ಕಲಿಯುವವರು ತಪ್ಪು ಕಾರಣದಿಂದ ಸರಿ ಉತ್ತರ ಬರೆಯುತ್ತಾರೆ. ಭೂಮಿ ಎಳೆಯುವುದು ಕ್ರಿಯೆ, ನೆಲ ತಳ್ಳುವುದು ಪ್ರತಿಕ್ರಿಯೆ, ಎರಡೂ ಸಮ ಎಂದು ಅವರ ವಾದ. ಉತ್ತರ ಹೊಂದುವುದರಿಂದ ಮೇಷ್ಟರು ಗೀಟು ಹಾಕಿ ಮುಂದೆ ಹೋಗುತ್ತಾರೆ.

ಎರಡನೇ ಭಾಗದಲ್ಲಿ ಆ ತಪ್ಪು ಬಯಲಿಗೆ ಬೀಳುತ್ತದೆ, ಈ ಲೆಕ್ಕದ ಹೆಚ್ಚುಗಾರಿಕೆ ಅದೇ. ಒಟ್ಟು ತೂಕ 270 ನ್ಯೂಟನ್. ಕೆಳಮುಖ ವೇಗೋತ್ಕರ್ಷ ಇರುವುದರಿಂದ 270ರಲ್ಲಿ ನೆಲದ ಬಲವನ್ನು ಕಳೆದರೆ 27 ಗುಣಿಸು 0.1, ಅಂದರೆ 2.7 ಉಳಿಯಬೇಕು. ಹಾಗಾಗಿ ನೆಲ ತಳ್ಳುವುದು 267.3 ನ್ಯೂಟನ್. ತೂಕಕ್ಕೂ ನೆಲದ ಬಲಕ್ಕೂ ಈಗ ಸಮವಿಲ್ಲ. ಅವು ಕ್ರಿಯೆ ಪ್ರತಿಕ್ರಿಯೆಗಳ ಜೋಡಿಯೇ ಆಗಿದ್ದರೆ ಸಮ ತಪ್ಪುವ ಪ್ರಶ್ನೆಯೇ ಇರಲಿಲ್ಲ, ಯಾಕೆಂದರೆ ಮೂರನೇ ನಿಯಮಕ್ಕೆ ರಜೆ ಇಲ್ಲ. ಮೊದಲ ಭಾಗದಲ್ಲಿ ಅವು ಸಮವಾಗಿದ್ದದ್ದು ದಿಮ್ಮಿ ನಿಂತಿತ್ತೆಂಬ ಕಾರಣಕ್ಕೆ ಮಾತ್ರ. ಭೂಮಿ ದಿಮ್ಮಿಯನ್ನು ಎಳೆದರೆ ಅದರ ಜೋಡಿ ದಿಮ್ಮಿ ಭೂಮಿಯನ್ನು ಎಳೆಯುವುದು. ನೆಲ ದಿಮ್ಮಿಯನ್ನು ತಳ್ಳಿದರೆ ಅದರ ಜೋಡಿ ದಿಮ್ಮಿ ನೆಲವನ್ನು ತಳ್ಳುವುದು. ಒಂದೇ ವಸ್ತುವಿನ ಮೇಲೆ ಬೀಳುವ ಎರಡು ಬಲ ಎಂದೂ ಜೋಡಿಯಾಗಲಾರವು. ಪಠ್ಯ ಇದನ್ನು ಬಿಡಿಸಿ ಹೇಳುತ್ತದೆ. 1687ರ ಪ್ರಿನ್ಸಿಪಿಯಾದ ಮೂರನೇ ನಿಯಮವನ್ನು ಇಷ್ಟು ಕಡಿಮೆ ಜಾಗದಲ್ಲಿ, ಇಷ್ಟು ಸ್ಪಷ್ಟವಾಗಿ ಪರೀಕ್ಷೆಗೆ ಒಡ್ಡಿದ ಇನ್ನೊಂದು ಶಾಲಾ ಲೆಕ್ಕವನ್ನು ನಾನು ಓದಿಲ್ಲ.

ಆದರೆ ಲೆಕ್ಕ ಮಾಡಿದವರು ಎರಡು ಕಡೆ ಕೈಬಿಟ್ಟಿದ್ದಾರೆ. ಸಿಲಿಂಡರ್ ದಿಮ್ಮಿಯನ್ನು ಒತ್ತುವ ಬಲ, ದಿಮ್ಮಿ ಸಿಲಿಂಡರನ್ನು ಒತ್ತುವ ಬಲ ಇವೂ ಒಂದು ಜೋಡಿ ಎಂದು ಪಠ್ಯ ಹೇಳಿ ಸುಮ್ಮನಾಗುತ್ತದೆ. ಅದು ಎಷ್ಟು ಎಂದು ಕೇಳುವುದಿಲ್ಲ. ಕೇಳಬೇಕಿತ್ತು. ಯಾರನ್ನೇ ಕೇಳಿ, 25 ಕಿಲೋ ಸಿಲಿಂಡರ್ ತನ್ನ ಪೂರ್ತಿ ತೂಕದಿಂದ, 250 ನ್ಯೂಟನ್‌ನಿಂದ ಒತ್ತುತ್ತದೆ ಎಂದೇ ಹೇಳುತ್ತಾರೆ. ಸಿಲಿಂಡರನ್ನು ಬೇರೆಯಾಗಿ ಬರೆದುಕೊಳ್ಳಿ. ಅದೂ 0.1ರ ವೇಗೋತ್ಕರ್ಷದಿಂದ ಇಳಿಯುತ್ತಿದೆ, ಆದ್ದರಿಂದ ಕೆಳಮುಖವಾಗಿ 2.5 ನ್ಯೂಟನ್ ಉಳಿಯಬೇಕು, ದಿಮ್ಮಿ ಅದನ್ನು ತಳ್ಳುವುದು 247.5. ಈಗ ದಿಮ್ಮಿಯೊಂದನ್ನೇ ನೋಡಿ: ಕೆಳಮುಖವಾಗಿ ಅದರ ತೂಕ 20, ಸಿಲಿಂಡರಿನ ಒತ್ತು 247.5, ಮೇಲ್ಮುಖವಾಗಿ ನೆಲದ 267.3. ಉಳಿಯುವುದು 0.2, ಅದು 2 ಕಿಲೋಗೆ 0.1ರ ವೇಗೋತ್ಕರ್ಷ ಕೊಡಲು ಬೇಕಾದಷ್ಟೇ. ಎರಡನ್ನೂ ಕೂಡಿಸಿ ಬರೆದ ಲೆಕ್ಕವೂ ಬಿಡಿಸಿ ಬರೆದ ಲೆಕ್ಕವೂ ಒಂದಕ್ಕೊಂದು ಸಾಕ್ಷಿ ಹೇಳುತ್ತವೆ. ಯಾರೂ ಹೇಳದೆ ತನ್ನ ಉತ್ತರ ಸರಿಯೆಂದು ತಾನೇ ಖಚಿತಪಡಿಸಿಕೊಳ್ಳುವ ಮೊದಲ ಅನುಭವ ಕಲಿಯುವವಳಿಗೆ ಇಲ್ಲಿ ಸಿಗುತ್ತಿತ್ತು. ಪಠ್ಯ ಅದನ್ನು ಒಂದು ವಾಕ್ಯದ ದೂರದಲ್ಲಿ ಬಿಟ್ಟಿತು.

ಎರಡನೆಯದು ಇನ್ನೂ ದೊಡ್ಡದು. 0.1ರ ವೇಗೋತ್ಕರ್ಷದಲ್ಲಿ ದಿಮ್ಮಿ ಮೊದಲ ಸೆಕೆಂಡಿನಲ್ಲಿ 5 ಸೆಂಟಿಮೀಟರ್ ಇಳಿಯುತ್ತದೆ, ಎರಡು ಸೆಕೆಂಡಿಗೆ 20. ಹೀಗೇ ಹೋದರೆ ಹತ್ತು ಸೆಕೆಂಡಿಗೆ 5 ಮೀಟರ್. ಯಾವ ನೆಲ ಹೀಗೆ ಇಳಿಯುತ್ತದೆ? ಸವಣೂರು ಕಡೆಯ ಎರೆಹೊಲದಲ್ಲಿ ಮಳೆಗಾಲ ಕಳೆದವರಿಗೆ ಗೊತ್ತು, ಹೇರು ತುಂಬಿದ ಚಕ್ಕಡಿಯ ಗಾಲಿ ಹೂಳುತ್ತದೆ, ಆಮೇಲೆ ನಿಲ್ಲುತ್ತದೆ. ನಿಲ್ಲುವಾಗ ಏನಾಗುತ್ತದೆ ಎಂಬುದೇ ಈ ಲೆಕ್ಕದ ಉತ್ತರಾರ್ಧ. ಒಂದು ಸೆಕೆಂಡಿನ ಕೊನೆಗೆ ದಿಮ್ಮಿಯ ವೇಗ ಸೆಕೆಂಡಿಗೆ 0.1 ಮೀಟರ್. ಕೆಳಗಿನ ಗಟ್ಟಿ ಪದರ ಅದನ್ನು 0.1 ಸೆಕೆಂಡಿನಲ್ಲಿ ತಡೆದು ನಿಲ್ಲಿಸಿತೆನ್ನಿ. ಈಗ ವೇಗೋತ್ಕರ್ಷ ಮೇಲ್ಮುಖ, ಅದರ ಪ್ರಮಾಣ 1. ನೆಲದ ಬಲ 270ಕ್ಕೆ 27 ಕೂಡಿ 297 ನ್ಯೂಟನ್. ಸಿಲಿಂಡರ್ ದಿಮ್ಮಿಯನ್ನು ಒತ್ತುವುದು ಈಗ 275, ತನ್ನ ತೂಕಕ್ಕಿಂತ ಹೆಚ್ಚು. ಪೂರ್ತಿ ನಿಂತ ಮೇಲೆ ನೆಲದ ಬಲ 270. ತೂಕ ಮೊದಲಿನಿಂದ ಕೊನೆಯವರೆಗೆ 270ರಲ್ಲೇ ಇತ್ತು, ನೆಲದ ಬಲ ಮಾತ್ರ 267.3, 297, 270 ಎಂದು ಮೂರು ಬಗೆಯಾಯಿತು. ಇಷ್ಟನ್ನು ಕಂಡವಳಿಗೆ ಲಿಫ್ಟಿನ ಲೆಕ್ಕವನ್ನಾಗಲಿ, ಎತ್ತರದಿಂದ ಜಿಗಿದವನ ಮೊಣಕಾಲಿನ ಪೆಟ್ಟನ್ನಾಗಲಿ ಬೇರೆಯಾಗಿ ಕಲಿಸಬೇಕಿಲ್ಲ.

ಇಲ್ಲಿ ಕೆಲವರೊಡನೆ ನನ್ನ ತಕರಾರಿದೆ. ಹಳ್ಳಿಯ ಮಕ್ಕಳಿಗೆ ಮೆಕ್ಯಾನಿಕ್ಸ್ ಅನುಭವದಿಂದಲೇ ಬಂದಿರುತ್ತದೆ, ಪುಸ್ತಕ ಅದಕ್ಕೆ ಅಡ್ಡಗಾಲು ಎಂದು ವಾದಿಸುವ ಒಂದು ವರ್ಗ ನಮ್ಮ ಲೇಖಕರಲ್ಲಿದೆ. ಹಾರೆ ಹಾಕಿ ಬಂಡೆ ಎಬ್ಬಿಸುವ ರೈತನಿಗೆ ಸನ್ನೆಯ ಸೂತ್ರ ಗೊತ್ತಿದೆ, ಚಕ್ಕಡಿ ಹೊಡೆಯುವವನಿಗೆ ಘರ್ಷಣೆ ಗೊತ್ತಿದೆ ಎನ್ನುತ್ತಾರೆ. ಆ ಕೈಚಳಕವನ್ನು ನಾನು ಗೌರವಿಸುತ್ತೇನೆ. ಆದರೆ ಚಕ್ಕಡಿ ಕಲಿಸುವ ಪಾಠ ಯಾವುದು? ಎತ್ತು ಎಳೆಯುವವರೆಗೆ ಗಾಡಿ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ, ಆದ್ದರಿಂದ ಚಲನೆಗೆ ಸದಾ ಬಲ ಬೇಕು. ಇದು ಅರಿಸ್ಟಾಟಲ್‌ನ ಪಾಠ. ಎರಡು ಸಾವಿರ ವರ್ಷ ಲೋಕ ಅದನ್ನು ನಂಬಿದ್ದಕ್ಕೆ ಕಾರಣವೂ ಇದೇ ಅನುಭವ. ಗೆಲಿಲಿಯೋ ಇಳಿಜಾರಿನ ಮೇಲೆ ಗುಂಡು ಉರುಳಿಸಿ ಬಂದ ತೀರ್ಮಾನ ಕಣ್ಣಿಗೆ ಕಂಡದ್ದರ ವಿರುದ್ಧ ಇತ್ತು. ಅನುಭವ ತಾನಾಗಿ ನ್ಯೂಟನ್ನನ ಬಳಿಗೆ ಕರೆದೊಯ್ಯುವುದಿಲ್ಲ. ಅನುಭವವನ್ನು ಅಡ್ಡ ಪ್ರಶ್ನೆ ಕೇಳಬೇಕು, ಆ ಪ್ರಶ್ನೆ ಕೇಳುವುದನ್ನು ಕಲಿಸುವುದು ಕಾಗದದ ಮೇಲಿನ ಚಿತ್ರ.

ಚಕ್ಕಡಿಯನ್ನೇ ತೆಗೆದುಕೊಳ್ಳಿ. ಎತ್ತು ಗಾಡಿಯನ್ನು ಮುಂದಕ್ಕೆ ಎಷ್ಟು ಎಳೆಯುತ್ತದೋ ಗಾಡಿ ಎತ್ತನ್ನು ಹಿಂದಕ್ಕೆ ಅಷ್ಟೇ ಎಳೆಯುತ್ತದೆ, ಹಾಗಾದರೆ ಗಾಡಿ ಮುಂದೆ ಹೋಗುವುದು ಹೇಗೆ? ಜೀವಮಾನವೆಲ್ಲ ಚಕ್ಕಡಿ ಹೂಡಿದವರನ್ನು ಕೇಳಿ. ಅನುಭವ ಇಲ್ಲಿ ಉತ್ತರಿಸುವುದಿಲ್ಲ. ಎತ್ತುಗಳನ್ನು ಬೇರೆ, ಗಾಡಿಯನ್ನು ಬೇರೆ ಬರೆದುಕೊಂಡು, ಪ್ರತಿಯೊಂದು ಬಲಕ್ಕೂ ‘ಯಾವುದು, ಯಾವುದರ ಮೇಲೆ’ ಎಂದು ಕೇಳಿದಾಗ ಉತ್ತರ ಬರುತ್ತದೆ. ಗೊರಸು ನೆಲವನ್ನು ಹಿಂದಕ್ಕೆ ತಳ್ಳುತ್ತದೆ, ನೆಲ ಎತ್ತನ್ನು ಮುಂದಕ್ಕೆ ತಳ್ಳುತ್ತದೆ. ಆ ತಳ್ಳು ನೊಗದ ಹಿನ್ನೆಳೆತಕ್ಕಿಂತ ಹೆಚ್ಚಾದರೆ ಎತ್ತು ಹೊರಡುತ್ತದೆ. ನೊಗದ ಎಳೆತ ಗಾಲಿಯ ತಡೆಗಿಂತ ಹೆಚ್ಚಾದರೆ ಗಾಡಿ ಹೊರಡುತ್ತದೆ. ಕೆಸರಿನಲ್ಲಿ ಗೊರಸು ಜಾರಿದಾಗ ಎತ್ತಿನ ಮೈಯಲ್ಲಿ ಎಷ್ಟೇ ಕಸುವಿದ್ದರೂ ಬಂಡಿ ಕದಲದ್ದಕ್ಕೆ ಕಾರಣ ಆಗ ತಿಳಿಯುತ್ತದೆ. ವರ್ಮಾ ಅವರ 1992ರ ಪುಸ್ತಕದಲ್ಲಿ ಕುದುರೆ ಗಾಡಿಯ ಈ ಒಗಟಿಗೇ ಒಂದು ಭಾಗವಿದೆ, ಚೆನ್ನಾಗಿಯೂ ಇದೆ. ವ್ಯವಸ್ಥೆಯನ್ನು ಆರಿಸು, ಬಲಗಳನ್ನು ಗುರುತಿಸು, ಚಿತ್ರ ಬರೆ, ಅಕ್ಷ ಹಿಡಿದು ಸಮೀಕರಣ ಬರೆ ಎಂಬ ಅವರ ನಾಲ್ಕು ಹೆಜ್ಜೆಯ ಕ್ರಮವೂ ಒಳ್ಳೆಯದು. ನನ್ನ ಜಗಳ ಅವರ ಪುಸ್ತಕದೊಡನೆ ಅಲ್ಲ, ಪಠ್ಯದ ಈ ಪುಟವನ್ನು ದಾಟಿಸಿ ನೇರ ಅಲ್ಲಿಗೆ ಓಡಿಸುವವರೊಡನೆ.

ಈ ಓಟದ ಮೂಲ ಪರೀಕ್ಷೆಯಲ್ಲಿದೆ. ಸಿಇಟಿಯಲ್ಲಿ ಭೌತಶಾಸ್ತ್ರದ 60 ಪ್ರಶ್ನೆಗೆ 80 ನಿಮಿಷ, ಒಂದಕ್ಕೆ 80 ಸೆಕೆಂಡ್. ಆ ವೇಳೆಯಲ್ಲಿ ಚಿತ್ರ ಬರೆಯಲು ಪುರಸೊತ್ತಿಲ್ಲ, ಸೂತ್ರಕ್ಕೆ ಅಂಕಿ ಹಾಕಬೇಕು ಎಂದು ಕೋಚಿಂಗಿನವರು ಹೇಳಿಕೊಡುತ್ತಾರೆ. ಲಿಫ್ಟ್ ಮೇಲೆ ಹೋದರೆ ಕೂಡಿಸು, ಕೆಳಗೆ ಬಂದರೆ ಕಳೆ ಎಂಬ ಸೂತ್ರ ಕಂಠಪಾಠವಾಗುತ್ತದೆ. ಮೇಲೆ ಹೋಗುತ್ತಿರುವ ಲಿಫ್ಟ್ ನಿಧಾನವಾಗುತ್ತಿದ್ದರೆ ಆ ಸೂತ್ರ ತಪ್ಪುತ್ತದೆ. ನಾಲ್ಕೈದು ಲೆಕ್ಕಗಳಲ್ಲಿ ಚಿತ್ರ ಬರೆದು ರೂಢಿಯಾದವರು 80 ಸೆಕೆಂಡಿನಲ್ಲೂ ಮನಸ್ಸಿನಲ್ಲೇ ಚಿತ್ರ ಬರೆಯುತ್ತಾರೆ. ವೇಗದ ಹೆಸರಿನಲ್ಲಿ ಚಿತ್ರವನ್ನು ಕೈಬಿಡಿಸುವವರು ವೇಗವನ್ನೂ ಕಳೆಯುತ್ತಿದ್ದಾರೆ.

ಕನ್ನಡದ ವಿಜ್ಞಾನ ಬರವಣಿಗೆಯೂ ಈ ವಿಚಾರದಲ್ಲಿ ಪೂರ್ತಿ ಹೊರತಲ್ಲ. ಜಿ.ಟಿ. ನಾರಾಯಣರಾವ್, ಜೆ.ಆರ್. ಲಕ್ಷ್ಮಣರಾವ್ ಅವರಂಥವರು ವಿಜ್ಞಾನಕ್ಕೆ ಒಳ್ಳೆಯ ಗದ್ಯ ಕೊಟ್ಟರು, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಊರೂರಿನ ಶಾಲೆಗಳಿಗೆ ಹೋಯಿತು. ಅವರ ನಂತರ ಬಂದವರು ನ್ಯೂಟನ್ನನ ಜೀವನ ಬರೆದಷ್ಟು ಉತ್ಸಾಹದಿಂದ ನ್ಯೂಟನ್ನನ ಒಂದು ಲೆಕ್ಕವನ್ನು ಹೆಜ್ಜೆ ಹೆಜ್ಜೆಯಾಗಿ ಕನ್ನಡದಲ್ಲಿ ಬಿಡಿಸಲಿಲ್ಲ. ಗಣಿತ ಬಂದರೆ ಓದುಗ ಓಡಿಹೋಗುತ್ತಾನೆ ಎಂಬ ಭಯ ಅವರನ್ನು ಹಿಡಿದಿದೆ. ಮೇಲಿನ ದಿಮ್ಮಿಯ ಲೆಕ್ಕದಲ್ಲಿ ಕೂಡುವುದು, ಕಳೆಯುವುದು, ಗುಣಿಸುವುದು ಬಿಟ್ಟು ಬೇರೇನೂ ಇಲ್ಲ.

ಮೆಕ್ಯಾನಿಕ್ಸ್ ಕಲಿಯಲು ಹೊರಟವರಿಗೆ, ಅವರಿಗೆ ಹದಿನಾರು ವಯಸ್ಸಿರಲಿ ಅರವತ್ತಿರಲಿ, ನನ್ನ ವಿನಂತಿ ಇಷ್ಟು. ಬೇರೆ ಪುಸ್ತಕಕ್ಕೆ ದುಡ್ಡು ಹಾಕುವ ಮೊದಲು ಪಿಯು ಮೊದಲ ವರ್ಷದ ಪಠ್ಯದಲ್ಲಿ ಈ ಲೆಕ್ಕವನ್ನು ತೆರೆಯಿರಿ. ದಿಮ್ಮಿ, ಸಿಲಿಂಡರ್, ಎರಡೂ ಸೇರಿದ್ದು, ನೆಲ ಹೀಗೆ ನಾಲ್ಕು ಚಿತ್ರ ಬರೆಯಿರಿ. ಕುಸಿಯುವಾಗ ಒಮ್ಮೆ, ತಡೆದು ನಿಲ್ಲುವಾಗ ಇನ್ನೊಮ್ಮೆ, ನಿಂತ ಮೇಲೆ ಮತ್ತೊಮ್ಮೆ ಅಂಕಿಗಳನ್ನು ತುಂಬಿ. ಮೂರೂ ಸಲ ಲೆಕ್ಕ ಹೊಂದಿದರೆ ವರ್ಮಾ ಅವರ ಐದನೇ ಅಧ್ಯಾಯಕ್ಕೆ ಹೋಗಿ. ಪಾಠ ಮಾಡುವವರು ಈ ಲೆಕ್ಕಕ್ಕೆ ಒಂದು ಪೂರ್ತಿ ಪೀರಿಯಡ್ ಕೊಡಿ, ಕನ್ನಡದಲ್ಲಿ ಕೊಡಿ.